ಒಂದು ಕಿವಿ, ಐದು ದನಿ

ಬೀಚ್ ಬಾಯ್ಸ್ ಹೆಸರು ಕೇಳಿಲ್ಲ ಅನ್ನೋರು ಕೂಡ ಅವರ ಹಾಡು ಕೇಳಿರ್ತಾರೆ. ಯಾವುದೋ ಜಾಹೀರಾತಿನಲ್ಲಿ, ಯಾವುದೋ ಇಂಗ್ಲಿಷ್ ಸಿನಿಮಾದಲ್ಲಿ ಸಮುದ್ರ ತೋರಿಸಿದ ಕೂಡಲೇ ಹಿಂದಿನಿಂದ ನಾಲ್ಕೈದು ಜನ ಒಟ್ಟಿಗೆ ದನಿ ಏರಿಸಿ ಹಾಡ್ತಾರಲ್ಲ, ಹೆಚ್ಚಾಗಿ ಅದು ಅವರೇ, ಇಲ್ಲಾ ಅವರನ್ನು ಕಾಪಿ ಹೊಡೆದ ಯಾರೋ. ಬಿಸಿಲು, ಅಲೆ, ಕಾರು, ಹುಡುಗಿ, ಇಷ್ಟೇ ಅವರ ಬಂಡವಾಳ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾವು ಹೇಳೋಕೆ ಹೊರಟಿರೋದು ಬೇರೆ: ಆ ದನಿಗಳು ಹೇಗೆ ಅಷ್ಟು ಒತ್ತಾಗಿ ಕೂಡಿಕೊಂಡವು, ಮತ್ತು ದನಿ ಕೂಡಿಸಿದವರೇ ಯಾಕೆ ಕೂಡಿ ಬಾಳಲಿಲ್ಲ. ಮೊದಲನೆಯದು ಅರ್ಧ ಫಿಸಿಕ್ಸ್. ಎರಡನೆಯದು ಪೂರ್ತಿ ಮನೆಜಗಳ.

ಊರು ಹಾಥಾರ್ನ್, ಕ್ಯಾಲಿಫೋರ್ನಿಯಾ. ಲಾಸ್ ಏಂಜಲೀಸ್ ಮಗ್ಗುಲಿಗೆ, ಸಮುದ್ರದಿಂದ ಕೆಲವೇ ಮೈಲಿ ದೂರ. ನಾರ್ಥ್‌ರಾಪ್ ವಿಮಾನ ಕಾರ್ಖಾನೆಯ ಊರು. ಸ್ಪೇಸ್‌ಎಕ್ಸ್ ವರ್ಷಗಟ್ಟಲೆ ಮುಖ್ಯ ಕಚೇರಿ ಇಟ್ಟುಕೊಂಡಿದ್ದ ಜಾಗ ಅಂದರೆ ನಮ್ಮ ಓದುಗರಿಗೆ ಬೇಗ ಗುರುತು ಸಿಗುತ್ತೆ. ಅಲ್ಲಿ ಮರ್ರಿ ವಿಲ್ಸನ್ ಎಂಬಾತ ಲೇತ್‌ನಂಥ ಭಾರಿ ಯಂತ್ರಗಳ ವ್ಯಾಪಾರ ಮಾಡಿಕೊಂಡಿದ್ದ. ಮನಸ್ಸೆಲ್ಲ ಹಾಡು ಕಟ್ಟುವುದರಲ್ಲಿ, ಆದರೆ ಹೆಸರೇನೂ ಬಂದಿರಲಿಲ್ಲ. ಅವನಿಗೆ ಮೂವರು ಗಂಡುಮಕ್ಕಳು: 1942ರಲ್ಲಿ ಹುಟ್ಟಿದ ಬ್ರಯಾನ್, 1944ರ ಡೆನಿಸ್, 1946ರ ಕಾರ್ಲ್. ಅಪ್ಪನ ಸಿಟ್ಟು, ಅಪ್ಪನ ಹೊಡೆತ ಎರಡರ ಬಗ್ಗೆಯೂ ಮಕ್ಕಳು ಮುಂದೆ ಹೇಳಿಕೊಂಡಿದ್ದಾರೆ. ಇವರ ಜೊತೆ ಸೋದರತ್ತೆ ಮಗ ಮೈಕ್ ಲವ್ ಮತ್ತು ಬ್ರಯಾನ್‌ನ ಸಹಪಾಠಿ ಅಲ್ ಜಾರ್ಡೀನ್ ಸೇರಿದರೆ ಐದು ಜನದ ಗುಂಪು ಪೂರ್ತಿ.

ಬ್ರಯಾನ್‌ಗೆ ಬಲಗಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲ. ಯಾಕೆ ಅನ್ನೋದಕ್ಕೆ ಮನೆಯವರೇ ಬೇರೆ ಬೇರೆ ಕಥೆ ಹೇಳಿದ್ದಾರೆ, ಅದು ಬಿಡಿ. ಉಳಿದ ಒಂದು ಕಿವಿಯಲ್ಲಿ ಅವನು ಮಾಡಿದ ಕೆಲಸ ನೋಡಿ. ಆಗ ಫೋರ್ ಫ್ರೆಶ್‌ಮೆನ್ ಅಂತ ನಾಲ್ವರು ಗಾಯಕರ ಜಾಝ್ ತಂಡ ಇತ್ತು. ನಾಲ್ಕೇ ದನಿ, ಆದರೆ ಒಂದರಿಂದ ಒಂದನ್ನು ಅಗಲ ಇಟ್ಟು ಹಾಡುತ್ತಿದ್ದರು, ಕೇಳಿದವರಿಗೆ ಇನ್ನೂ ಯಾರೋ ಇದ್ದಾರೆ ಅನ್ನಿಸುವ ಹಾಗೆ. ಬ್ರಯಾನ್ ಅವರ ರೆಕಾರ್ಡ್ ಹಾಕೋದು, ಒಂದು ತುಣುಕು ಕೇಳೋದು, ನಿಲ್ಲಿಸೋದು, ಪಿಯಾನೊದಲ್ಲಿ ಆ ನಾಲ್ಕು ಸ್ವರ ಹುಡುಕೋದು. ಸಿಗದಿದ್ದರೆ ಮತ್ತೆ ಹಾಕೋದು. ನಮ್ಮ ಭಾಷೇಲಿ ಇದಕ್ಕೆ ರಿವರ್ಸ್ ಎಂಜಿನಿಯರಿಂಗ್ ಅಂತೀವಿ. ಬಿಡಿಸಿಟ್ಟ ಮೇಲೆ ತಮ್ಮಂದಿರಿಗೆ, ಮೈಕ್‌ಗೆ ಒಂದೊಂದು ಭಾಗ ಬಾಯಿಪಾಠ ಮಾಡಿಸೋದು. ಸಂಗೀತದ ಕಾಲೇಜು ಅಂತ ಆ ಹುಡುಗನಿಗೆ ಇದ್ದದ್ದು ಅದೊಂದೇ.

ಈಗ ಸ್ವಲ್ಪ ಕ್ಯಾಲ್ಕುಲೇಟರ್ ತೆಗೀರಿ. ಕೀಬೋರ್ಡಿನಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮ ಮೆಟ್ಟಿಲು ಮಾಡಿರ್ತಾರೆ. ಮೆಟ್ಟಿಲಿಗೊಮ್ಮೆ ಆವರ್ತನ 2ರ ಹನ್ನೆರಡನೇ ಮೂಲದಷ್ಟು ಪಟ್ಟು ಏರುತ್ತೆ. ಷಡ್ಜ 440 ಹರ್ಟ್ಜ್ ಅಂತಿಟ್ಟುಕೊಂಡರೆ ನಾಲ್ಕು ಮೆಟ್ಟಿಲು ಮೇಲಿನ ಗಾಂಧಾರ 554.37 ಹರ್ಟ್ಜ್. ಆದರೆ ಮನುಷ್ಯನ ದನಿ ಒಂದೇ ಸೈನ್ ವೇವ್ ಅಲ್ಲ. ಮೂರನೇ ಸೆಮ್‌ನ ಫೋರಿಯರ್ ಸರಣಿ ನೆನಪಿಸಿಕೊಳ್ಳಿ: ಮೂಲ ಆವರ್ತನದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಎಲ್ಲ ಜೊತೆಗೇ ಬರುತ್ತವೆ. 440ರ ಐದನೇ ಹಾರ್ಮಾನಿಕ್ 2200. 554.37ರ ನಾಲ್ಕನೇದು ಸುಮಾರು 2217.5. ಇವೆರಡೂ ಅಕ್ಕಪಕ್ಕ ಕೂತು ಸೆಕೆಂಡಿಗೆ ಹದಿನೇಳು ಹದಿನೆಂಟು ಬೀಟ್ಸ್ ಹೊಡೆಯುತ್ತವೆ. ಪಿಯುಸಿ ಲ್ಯಾಬಿನಲ್ಲಿ ಎರಡು ಟ್ಯೂನಿಂಗ್ ಫೋರ್ಕ್ ಬಡಿದಾಗ ವಂಯ್ ವಂಯ್ ಅಂತಿತ್ತಲ್ಲ, ಅದರದೇ ವೇಗದ ರೂಪ. ಕಿವಿಗೆ ಅದು ಒಂಥರಾ ಒರಟು.

ಗಾಯಕನಿಗೆ ಕೀ ಇಲ್ಲ, ಫ್ರೆಟ್ ಇಲ್ಲ. ಅವನು ಒಂಚೂರು ಇಳಿದು 550 ಹರ್ಟ್ಜ್ ಹಾಡಬಹುದು. 550ರ ನಾಲ್ಕು ಪಟ್ಟು ಕೂಡ 2200. ಒರಟು ಮಾಯ, ಎರಡು ದನಿ ಬೀಗ ಹಾಕಿದಂತೆ ಕೂಡಿಕೊಳ್ಳುತ್ತವೆ. ಅನುಪಾತ 5:4. ತಂಬೂರಿ ಮೀಟಿ ಸುಮ್ಮನೆ ಕೂತರೆ ಯಾರೂ ಹಾಡದೆಯೂ ತಾನಾಗಿ ಕೇಳಿಬರುವ ಅಂತರ ಗಾಂಧಾರ ಇದೇ. ನಮ್ಮ ಸಂಗೀತದಲ್ಲಿ ನಾಲ್ಕು ಜನ ನಾಲ್ಕು ಸ್ವರ ಒಟ್ಟಿಗೆ ಹಿಡಿಯುವ ಪದ್ಧತಿ ಇಲ್ಲ, ಆದರೆ ಶ್ರುತಿ ಸೇರುವುದು ಅಂದರೇನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಸ್ವರ ಸರಿಯಿದ್ದರೂ ಒಬ್ಬ ‘ಆ’ ಅನ್ನೋದನ್ನು ಅಗಲಿಸಿ, ಇನ್ನೊಬ್ಬ ಕಿರಿದಾಗಿಸಿ ಹೇಳಿದರೆ ದನಿಗಳು ಕೂಡುವುದಿಲ್ಲ, ಯಾಕಂದ್ರೆ ಬಾಯಿಯ ಆಕಾರ ಬದಲಾದರೆ ಯಾವ ಹಾರ್ಮಾನಿಕ್ ಜೋರು, ಯಾವುದು ಮೆತ್ತಗೆ ಅನ್ನೋದೂ ಬದಲಾಗುತ್ತೆ. ಒಂದೇ ಮನೆಯಲ್ಲಿ, ಒಂದೇ ಅಮ್ಮನ ಬಾಯಿಂದ ಮಾತು ಕಲಿತವರಿಗೆ ಈ ತೊಂದರೆ ಕಡಿಮೆ. ಅಣ್ಣತಮ್ಮಂದಿರ ತಂಡಗಳು ಹಾರ್ಮನಿಯಲ್ಲಿ ಮೇಲುಗೈ ಆಗೋದು ಇದಕ್ಕೇ. ಬೀಚ್ ಬಾಯ್ಸ್‌ನ ಕಟ್ಟಡದಲ್ಲಿ ತಳಪಾಯ ಮೈಕ್‌ನ ಮೂಗುಮೂಗಾದ ಕೆಳದನಿ, ನಡುವೆ ಕಾರ್ಲ್, ಡೆನಿಸ್, ಅಲ್, ಎಲ್ಲಕ್ಕಿಂತ ಮೇಲೆ ಬ್ರಯಾನ್‌ನ ಫಾಲ್ಸೆಟೊ. ನಮ್ಮ ಸಂಗೀತದ ಮೇಷ್ಟ್ರುಗಳು ‘ಕಳ್ಳದನಿ’ ಅಂತ ಬೈಯ್ಯೋದು ಅದನ್ನೇ. ಇವನ ಬಾಯಲ್ಲಿ ಮಾತ್ರ ಅದು ಚಿನ್ನ.

ಶುರುವಿನ ಕಥೆ ಬೇಗ ಹೇಳಿಬಿಡ್ತೀವಿ. 1961ರಲ್ಲಿ ‘ಸರ್ಫಿನ್’ ಎಂಬ ಮೊದಲ ಹಾಡು ರೆಕಾರ್ಡ್ ಆಯಿತು. ಹುಡುಗರು ಇಟ್ಟುಕೊಂಡಿದ್ದ ಹೆಸರು ಪೆಂಡಲ್ಟೋನ್ಸ್. ಡಿಸ್ಕ್ ಅಚ್ಚಾಗಿ ಬಂದಾಗ ಲೇಬಲ್ ಮೇಲೆ ಬೀಚ್ ಬಾಯ್ಸ್ ಅಂತಿತ್ತು. ಕಂಪನಿಯವರು ಇವರನ್ನು ಕೇಳದೇ ನಾಮಕರಣ ಮುಗಿಸಿದ್ದರು. ಐವರಲ್ಲಿ ನಿಜವಾಗಿ ಅಲೆ ಹತ್ತಲು ಬರ್ತಿದ್ದಿದ್ದು ಡೆನಿಸ್‌ಗೆ ಮಾತ್ರ. 1962ರಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್ ಇವರನ್ನು ಕರೆದುಕೊಂಡಿತು, ಅಪ್ಪ ಮರ್ರಿ ಮ್ಯಾನೇಜರ್ ಆದ. ಅಲ್ಲಿಂದ 1964ರ ಕೊನೆಯೊಳಗೆ, ಎರಡು ವರ್ಷ ಚಿಲ್ಲರೆಯಲ್ಲಿ, ಎಂಟು ಆಲ್ಬಂ. ಇಪ್ಪತ್ತೆರಡು ತುಂಬಿದ ಹುಡುಗ ಹಾಡು ಕಟ್ಟಬೇಕು, ದನಿ ಹಂಚಬೇಕು, ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿಸಬೇಕು, ಊರೂರು ತಿರುಗಿ ಹಾಡಬೇಕು. 1964ರಲ್ಲಿ ‘ಐ ಗೆಟ್ ಅರೌಂಡ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಮಕ್ಕಳು ಅಪ್ಪನನ್ನು ಮ್ಯಾನೇಜರ್ ಕೆಲಸದಿಂದ ಕಿತ್ತುಹಾಕಿದರು. ಅದೇ ವರ್ಷ ಬೀಟಲ್ಸ್ ಅಮೆರಿಕಕ್ಕೆ ಬಂದರು, ಅದೂ ಇದೇ ಕ್ಯಾಪಿಟಲ್ ಲೇಬಲ್ಲಿನಲ್ಲಿ. ಡಿಸೆಂಬರ್ 23ರಂದು ಹ್ಯೂಸ್ಟನ್‌ಗೆ ಹೊರಟ ವಿಮಾನದಲ್ಲಿ ಬ್ರಯಾನ್ ಕುಸಿದುಹೋದ. ಅಳು, ಕೂಗು, ಹಿಡಿದು ನಿಲ್ಲಿಸೋಕೆ ಆಗದಂಥ ಗಾಬರಿ. ಇನ್ನು ಮೇಲೆ ನಾನು ಪ್ರವಾಸಕ್ಕೆ ಬರಲ್ಲ, ಮನೆಯಲ್ಲಿದ್ದು ಹಾಡು ಮಾಡ್ತೀನಿ ಅಂದ. ವೇದಿಕೆಯ ಮೇಲೆ ಅವನ ಜಾಗಕ್ಕೆ ಮೊದಲು ಗ್ಲೆನ್ ಕ್ಯಾಂಪ್‌ಬೆಲ್, ಆಮೇಲೆ 1965ರಲ್ಲಿ ಬ್ರೂಸ್ ಜಾನ್‌ಸ್ಟನ್ ಬಂದರು.

ನಮಗೆ ತುಂಬಾ ಇಷ್ಟವಾದ ಭಾಗ ಇಲ್ಲಿಂದ ಶುರು. 1966ರ ಜನವರಿಯಲ್ಲಿ ಉಳಿದವರು ಜಪಾನ್ ಪ್ರವಾಸದಲ್ಲಿದ್ದಾಗ ಬ್ರಯಾನ್ ಲಾಸ್ ಏಂಜಲೀಸ್‌ನ ನುರಿತ ಸ್ಟುಡಿಯೊ ವಾದಕರನ್ನು ಕೂರಿಸಿಕೊಂಡು ‘ಪೆಟ್ ಸೌಂಡ್ಸ್’ ಆಲ್ಬಮ್ಮಿನ ಸಂಗೀತ ಕಟ್ಟುತ್ತಿದ್ದ. ಡ್ರಮ್ಸ್‌ಗೆ ಹಾಲ್ ಬ್ಲೇನ್, ಬೇಸ್ ಗಿಟಾರ್‌ಗೆ ಕ್ಯಾರೊಲ್ ಕೇ. ಬೈಸಿಕಲ್ ಬೆಲ್ಲು, ನೀರಿನ ಖಾಲಿ ಜಗ್ಗು ಕೂಡ ವಾದ್ಯ. ಹಾಡಿನ ಮಾತುಗಳಿಗೆ ಟೋನಿ ಆಶರ್ ಎಂಬ ಜಾಹೀರಾತು ಬರಹಗಾರ. ತಂಡ ವಾಪಸ್ ಬಂದಾಗ ಸಂಗೀತ ಬಹುಪಾಲು ಸಿದ್ಧವಿತ್ತು, ಇವರು ದನಿ ಕೊಡೋದಷ್ಟೇ ಬಾಕಿ.

ದನಿ ಕೊಡೋದಷ್ಟೇ ಅಂದೆವು, ಅದೇ ಕಷ್ಟದ ಕೆಲಸ. ಇಂದು ನಾವು ಫೋನಿನ ಆ್ಯಪ್‌ನಲ್ಲೇ ಎಷ್ಟು ಟ್ರ್ಯಾಕ್ ಬೇಕೋ ಅಷ್ಟು ಹಾಕ್ತೀವಿ. ಆಗ ಟೇಪಿನ ಅಗಲ ಎಷ್ಟೋ ಟ್ರ್ಯಾಕ್ ಅಷ್ಟೇ. ವಾದ್ಯಗಳನ್ನು ನಾಲ್ಕು ಟ್ರ್ಯಾಕಿನ ಟೇಪಿನಲ್ಲಿ ಹಿಡಿಯೋದು, ಎಲ್ಲವನ್ನೂ ಬೆರೆಸಿ ಒಂದೇ ಟ್ರ್ಯಾಕಿಗೆ ಇಳಿಸೋದು, ಅದನ್ನು ಕೊಲಂಬಿಯಾ ಸ್ಟುಡಿಯೊದ ಎಂಟು ಟ್ರ್ಯಾಕಿನ ಯಂತ್ರದಲ್ಲಿ ಒಂದರ ಮೇಲೆ ಹಾಕಿ ಉಳಿದವನ್ನು ದನಿಗೆ ಬಿಡೋದು, ಇದು ಅವನ ಉಪಾಯ. ಒಂದು ಸಲ ಬೆರೆಸಿದ ಮೇಲೆ ಅನ್‌ಡೂ ಇಲ್ಲ. ಪಿಟೀಲು ಜೋರಾಯ್ತು ಅನ್ನಿಸಿದರೆ ಮುಗೀತು, ಹಿಂದಿನ ಟೇಪಿಗೇ ಹೋಗಿ ಹೊಸದಾಗಿ ಬೆರೆಸಬೇಕು. ಹಾಗೆ ಉಳಿಸಿದ ಜಾಗದಲ್ಲಿ ಐದಾರು ಜನ ಮೈಕಿನ ಸುತ್ತ ನಿಂತು ಹಾಡಿ, ಅದೇ ಸಾಲನ್ನು ಇನ್ನೊಂದು ಟ್ರ್ಯಾಕಿನಲ್ಲಿ ಮತ್ತೆ ಹಾಡುತ್ತಿದ್ದರು. ಎರಡನೇ ಸಲ ಯಾರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಡಲಾರರು. ಆ ಸಣ್ಣ ಸಣ್ಣ ವ್ಯತ್ಯಾಸದಿಂದಲೇ ಐದು ಜನ ಹತ್ತಾಗಿ, ಹತ್ತು ಜನ ಗುಂಪಾಗಿ ಕೇಳುತ್ತಾರೆ. ಟ್ರ್ಯಾಕನ್ನು ಕಾಪಿ ಪೇಸ್ಟ್ ಮಾಡಿದರೆ ಈ ದಪ್ಪ ಬರಲ್ಲ, ಸದ್ದು ಜೋರಾಗುತ್ತೆ ಅಷ್ಟೇ.

ಬ್ರಯಾನ್ ಎಲ್ಲವನ್ನೂ ಮಾನೊದಲ್ಲೇ ಮಿಕ್ಸ್ ಮಾಡಿದ. ಒಂದು ಕಿವಿಯವನಿಗೆ ಎಡಬಲ ಅಂತ ಇಲ್ಲವಲ್ಲ. ಯಾವ ದನಿ ಮುಂದೆ, ಯಾವುದು ಹಿಂದೆ ಅನ್ನೋದನ್ನು ಎಡಕ್ಕೆ ಬಲಕ್ಕೆ ತಳ್ಳಿ ಬಿಡಿಸಿ ಇಡೋ ಸುಲಭದ ದಾರಿ ಅವನಿಗೆ ಇರಲಿಲ್ಲ. ಹಾಗಾಗಿ ಪ್ರತಿ ದನಿಗೂ ಅದರದೇ ಎತ್ತರ, ಅದರದೇ ಬಣ್ಣ ಹುಡುಕಬೇಕಿತ್ತು, ಇಲ್ಲದಿದ್ದರೆ ಎಲ್ಲ ಕಲಸುಮೇಲೋಗರ. ಆ ಹಾರ್ಮನಿಗಳ ಅಚ್ಚುಕಟ್ಟಿಗೆ ಇದೂ ಒಂದು ಕಾರಣ ಅಂತ ನಮ್ಮ ಅನಿಸಿಕೆ. ‘ಗಾಡ್ ಓನ್ಲಿ ನೋಸ್’ ಹಾಡಿನ ಕೊನೆ ಕೇಳಿ. ಮುಖ್ಯ ದನಿ ಹತ್ತೊಂಬತ್ತರ ಕಾರ್ಲ್‌ದು. ಕೊನೆಯಲ್ಲಿ ಒಂದು ಸಾಲನ್ನು ಒಬ್ಬರ ಬಾಲ ಹಿಡಿದು ಇನ್ನೊಬ್ಬರು ಸುತ್ತಿ ಸುತ್ತಿ ಹಾಡ್ತಾರೆ. ಅಲ್ಲಿ ಮೇಲಿನದು ಕೆಳಗಿನದು ಎರಡೂ ಬ್ರಯಾನ್, ನಡುವಿನದು ಬ್ರೂಸ್. ಮೂರು ಎಳೆ ಬೇರೆ ಬೇರೆ ಕೇಳುತ್ತವೆ, ಒಂದೇ ಹಗ್ಗವಾಗಿಯೂ ಕೇಳುತ್ತವೆ.

ಆಲ್ಬಂ ಹೊರಬಂದದ್ದು 1966ರ ಮೇ 16ಕ್ಕೆ. ಇಂಗ್ಲೆಂಡಿನಲ್ಲಿ ಎರಡನೇ ಸ್ಥಾನ, ಅಮೆರಿಕದಲ್ಲಿ ಹತ್ತನೆಯದು. ಸರ್ಫಿಂಗ್ ಹಾಡು ಎಲ್ಲಿ ಅಂತ ಕ್ಯಾಪಿಟಲ್‌ನವರಿಗೆ ಕಸಿವಿಸಿ; ಎರಡು ತಿಂಗಳೊಳಗೆ ಹಳೇ ಹಿಟ್‌ಗಳ ಸಂಕಲನ ತಂದು ಪಕ್ಕದಲ್ಲಿಟ್ಟರು. ಪಾಲ್ ಮೆಕಾರ್ಟ್ನಿ ಮಾತ್ರ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪರ್ಸ್’ ಆಲ್ಬಮ್ಮಿಗೆ ಇದೇ ಪ್ರೇರಣೆ ಅಂತ ಮುಂದೆ ಪದೇ ಪದೇ ಹೇಳಿದ.

ಆಮೇಲಿನದು ‘ಗುಡ್ ವೈಬ್ರೇಷನ್ಸ್’. ಒಂದೇ ಹಾಡು, ಮೂರೂವರೆ ನಿಮಿಷ, ಸುಮಾರು ಏಳು ತಿಂಗಳ ಕೆಲಸ, ನಾಲ್ಕು ಸ್ಟುಡಿಯೊ. ಹಾಡನ್ನು ಮೊದಲಿಂದ ಕೊನೆಯವರೆಗೆ ರೆಕಾರ್ಡ್ ಮಾಡುವ ಬದಲು ತುಂಡು ತುಂಡಾಗಿ ಮಾಡಿ, ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದ. ಮಾಡ್ಯುಲರ್ ಡಿಸೈನ್ ಅನ್ನಿ. ಅಲ್ಲಿ ದೆವ್ವ ಕೂಗಿದಂತೆ ವೂಂ ಅಂತ ತೇಲಿಬರುವ ವಾದ್ಯದ ಹೆಸರು ಎಲೆಕ್ಟ್ರೊ ಥೆರಮಿನ್. ಟ್ರೊಂಬೋನ್ ವಾದಕ ಪಾಲ್ ಟ್ಯಾನರ್ ಒಂದು ಆಸಿಲೇಟರಿಗೆ ಜಾರುಪಟ್ಟಿ ಜೋಡಿಸಿ ನುಡಿಸಿದ್ದು. ಇಸಿಇಯವರು ಹಾಸ್ಟೆಲ್ಲಿನಲ್ಲೇ ಪ್ರಯತ್ನಿಸಬಹುದು, ಪಕ್ಕದ ರೂಮಿನವರ ಅನುಮತಿ ಪಡೆದು. 1966ರ ಡಿಸೆಂಬರಿನಲ್ಲಿ ಹಾಡು ಮೊದಲ ಸ್ಥಾನ ಮುಟ್ಟಿತು.

ಒಂದು ಹಾಡಿಗೆ ಹೀಗೆ ಮಾಡಬಹುದಾದರೆ ಇಡೀ ಆಲ್ಬಂ ಯಾಕೆ ಬೇಡ? ಗೀತರಚನೆಕಾರ ವ್ಯಾನ್ ಡೈಕ್ ಪಾರ್ಕ್ಸ್ ಜೊತೆ ಸೇರಿ ಬ್ರಯಾನ್ ‘ಸ್ಮೈಲ್’ ಶುರುಮಾಡಿದ. ತುಂಡುಗಳು ರಾಶಿ ಬಿದ್ದವು. ಜೋಡಿಸುವ ಕ್ರಮ ಮಾತ್ರ ಸಿಗಲಿಲ್ಲ. ಬರೀ ಹತ್ತು ತುಂಡುಗಳನ್ನು ಸಾಲಾಗಿ ಇಡುವ ವಿಧಗಳು 36,28,800. ಕಂಪ್ಯೂಟರ್ ಇಲ್ಲ, ಒಂದೊಂದು ಕ್ರಮ ಕೇಳಿ ನೋಡಬೇಕಾದರೂ ಟೇಪು ಕತ್ತರಿಸಬೇಕು. ಆ ಹೊತ್ತಿಗೆ ಮಾದಕ ವಸ್ತು, ಭಯ, ತಲೆಯೊಳಗೆ ಬೆದರಿಸುವ ದನಿಗಳು. ಹೌದು, ದನಿಗಳು, ತನಗೆ ಅವು ಕೇಳಿಸುತ್ತಿದ್ದವು ಅಂತ ಬ್ರಯಾನ್ ತಾನೇ ಮುಂದೆ ಹೇಳಿಕೊಂಡ. ಬೆಂಕಿಯ ಕುರಿತ ಒಂದು ತುಣುಕಿಗೆ ವಾದಕರಿಗೆಲ್ಲ ಅಗ್ನಿಶಾಮಕದವರ ಟೋಪಿ ಹಾಕಿಸಿದ್ದ. ಆಸುಪಾಸಿನಲ್ಲೆಲ್ಲೋ ಬೆಂಕಿ ಬಿತ್ತು ಅಂತ ಗೊತ್ತಾಗಿ, ತನ್ನ ಸಂಗೀತದಿಂದಲೇ ಹಾಗಾಯ್ತು ಅಂತ ಹೆದರಿದ. ತಂಡದೊಳಗೆ ಮೈಕ್‌ಗೆ ಆ ಹಾಡುಗಳ ಮಾತು ಅರ್ಥವೇ ಆಗಲಿಲ್ಲ, ಪಾರ್ಕ್ಸ್‌ನನ್ನು ಕೂರಿಸಿಕೊಂಡು ಕೇಳಿದ. 1967ರ ಮೇ ತಿಂಗಳಲ್ಲಿ ಆಲ್ಬಂ ನಿಂತೇ ಹೋಯಿತು.

ಎಲ್ಲ ತಪ್ಪನ್ನೂ ಮೈಕ್ ತಲೆಗೆ ಕಟ್ಟೋದು ಅಭಿಮಾನಿಗಳಲ್ಲಿ ಒಂದು ಹಳೇ ಚಟ. ನಮಗೆ ಅದು ಒಪ್ಪಿಗೆಯಿಲ್ಲ. ವರ್ಷವಿಡೀ ಊರೂರು ಸುತ್ತಿ ಟಿಕೆಟ್ ಮಾರುವವನಿಗೆ ವೇದಿಕೆ ಮೇಲೆ ಹಾಡಲು ಬರುವ ಹಾಡು ಬೇಕು. ಸ್ಟುಡಿಯೊದಲ್ಲಿ ಕೂತವನಿಗೆ ತಲೆಯಲ್ಲಿ ಕೇಳಿದ್ದು ಟೇಪಿನಲ್ಲಿ ಕೇಳಬೇಕು. ಇಬ್ಬರದೂ ಸರಿ. ಅಣ್ಣತಮ್ಮಂದಿರಾಗಿದ್ದರಿಂದ ಯಾರೂ ಕೆಲಸ ಬಿಟ್ಟು ಹೋಗುವ ಹಾಗಿರಲಿಲ್ಲ, ಅದೇ ತೊಡಕು.

ಬ್ರಯಾನ್ ಮೆಲ್ಲಗೆ ಹಿಂದೆ ಸರಿದ. ಕಾರ್ಲ್ ತಂಡವನ್ನು ಎತ್ತಿಕೊಂಡ, ಡೆನಿಸ್ ತಾನೂ ಹಾಡು ಬರೆಯತೊಡಗಿದ. ಮೈಕ್ 1968ರಲ್ಲಿ ಬೀಟಲ್ಸ್ ಜೊತೆಯಲ್ಲೇ ಹೃಷಿಕೇಶಕ್ಕೆ ಬಂದು ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿದ್ದ; ಹೋಗಿ ಯೋಗಿಗಳನ್ನೇ ಕರೆದುಕೊಂಡು ಅಮೆರಿಕ ಪ್ರವಾಸ ಮಾಡಿದರೆ ಜನ ಬರಲಿಲ್ಲ, ಕೆಲವೇ ಪ್ರದರ್ಶನಕ್ಕೆ ನಿಲ್ಲಿಸಿದರು. 1974ರಲ್ಲಿ ಹಳೇ ಹಾಡುಗಳ ‘ಎಂಡ್‌ಲೆಸ್ ಸಮರ್’ ಸಂಕಲನ ಮೊದಲ ಸ್ಥಾನಕ್ಕೆ ಹೋದದ್ದೇ ತಂಡದ ಹಣೆಬರಹ ನಿರ್ಧಾರವಾಯಿತು: ಇನ್ನು ಹೊಸದು ಬೇಡ, ಹಳೇದನ್ನೇ ಹಾಡಿ. 1988ರಲ್ಲಿ ‘ಕೊಕೊಮೊ’ ಮತ್ತೆ ಮೊದಲ ಸ್ಥಾನ ಪಡೆಯಿತು, ಬ್ರಯಾನ್ ಇಲ್ಲದೆಯೇ. ಅಷ್ಟರಲ್ಲಿ ಡೆನಿಸ್ ಇರಲಿಲ್ಲ. ಅಲೆ ಹತ್ತಬಲ್ಲ ಆ ಒಬ್ಬನೇ, 1983ರ ಡಿಸೆಂಬರ್ 28ರಂದು, ಮರಿನಾ ಡೆಲ್ ರೇ ಬಂದರಿನ ನೀರಿನಲ್ಲಿ ಮುಳುಗಿ ಸತ್ತಿದ್ದ. ಬ್ರಯಾನ್ ಯೂಜೀನ್ ಲ್ಯಾಂಡಿ ಎಂಬ ಮನಶ್ಶಾಸ್ತ್ರಜ್ಞನ ಹಿಡಿತದಲ್ಲಿದ್ದ. ಅವನಿಂದ ಬಿಡಿಸಿಕೊಳ್ಳಲು 1992ರಲ್ಲಿ ಕೋರ್ಟ್ ಆದೇಶವೇ ಬೇಕಾಯಿತು.

ಕೋರ್ಟಿನ ಮಾತು ಬಂತು. ಈ ಹಾಡುಗಳು ಯಾರವು? ಹಾಡುಗಳ ಪ್ರಕಾಶನ ಹಕ್ಕು ಮರ್ರಿ ನೋಡಿಕೊಳ್ಳುತ್ತಿದ್ದ ಸೀ ಆಫ್ ಟ್ಯೂನ್ಸ್ ಕಂಪನಿಯಲ್ಲಿತ್ತು. 1969ರಲ್ಲಿ, ಇನ್ನು ಇವಕ್ಕೆ ಬೆಲೆ ಬರಲ್ಲ ಅಂದುಕೊಂಡು, ಅವನು ಅದನ್ನು 7 ಲಕ್ಷ ಡಾಲರಿಗೆ ಮಾರಿಬಿಟ್ಟ. ಎರಡು ದಶಕದ ಮೇಲೆ ಬ್ರಯಾನ್ ದಾವೆ ಹೂಡಿ 1 ಕೋಟಿ ಡಾಲರ್ ಪರಿಹಾರ ಪಡೆದ. ಆಗ ಮೈಕ್ ಬ್ರಯಾನ್ ಮೇಲೆ ದಾವೆ ಹೂಡಿದ: ‘ಕ್ಯಾಲಿಫೋರ್ನಿಯಾ ಗರ್ಲ್ಸ್’, ‘ಐ ಗೆಟ್ ಅರೌಂಡ್’ ಅಂಥ ಹಾಡುಗಳ ಮಾತು ನಾನೂ ಬರೆದದ್ದು, ಲೇಬಲ್ಲಿನ ಮೇಲೆ ನನ್ನ ಹೆಸರೇ ಇಲ್ಲ ಅಂತ. 1994ರಲ್ಲಿ ಕೋರ್ಟು ಮೈಕ್ ಪರ ನಿಂತಿತು; 35 ಹಾಡುಗಳಿಗೆ ಅವನ ಹೆಸರು ಸೇರಿತು, 50 ಲಕ್ಷ ಡಾಲರ್ ಬಂತು. ಅಂದರೆ ಮೂವತ್ತು ವರ್ಷ ಜಗತ್ತೆಲ್ಲ ಕೇಳಿದ ಹಾಡಿನ ಲೇಬಲ್ಲಿನಲ್ಲಿ ಬರೆದವನ ಹೆಸರಿಲ್ಲ, ಹೆಸರು ಬಿಟ್ಟದ್ದು ಸೋದರಮಾವ. ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಯಾರ ಹೆಸರು ಮೊದಲು ಅಂತ ಮುಖ ಊದಿಸಿಕೊಂಡವರಿಗೆ ಇದರ ಉರಿ ಸ್ವಲ್ಪವಾದರೂ ಗೊತ್ತು.

ಯಾವ ಕೋರ್ಟೂ ಅಳೆಯಲಾಗದ್ದು ಒಂದಿದೆ. ಹಾರ್ಮನಿಯಲ್ಲಿ ನಡುವಿನ ದನಿಗೆ ರಾಯಲ್ಟಿ ಇಲ್ಲ. ಮಾತು ಬರೆದವನಿಗೆ ಪಾಲು, ರಾಗ ಕಟ್ಟಿದವನಿಗೆ ಪಾಲು, ಕಾರ್ಡಿನ ಮೂರನೇ ಸ್ವರವನ್ನು 554ಕ್ಕೆ ಬಿಡದೆ 550ಕ್ಕೆ ಇಳಿಸಿ ಹಿಡಿದವನಿಗೆ ಹಾಡು ಬರೆದವರ ಪಟ್ಟಿಯಲ್ಲಿ ಜಾಗವೇ ಇಲ್ಲ. ಹಾಗೆ ಹಿಡಿದುಕೊಂಡೇ ಬಂದ ಕಾರ್ಲ್ 1998ರ ಫೆಬ್ರವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನಿದ್ದಷ್ಟು ದಿನ ಹೇಗೋ ಒಂದಾಗಿದ್ದ ತಂಡ ಅವನ ನಂತರ ಒಡೆಯಿತು. ಹೆಸರು ಬಳಸುವ ಪರವಾನಗಿ ಮೈಕ್‌ಗೆ ಹೋಯಿತು, ಅಲ್ ಹೊರಗುಳಿದ. 2012ರಲ್ಲಿ ಐವತ್ತನೇ ವರ್ಷಕ್ಕೆ ಉಳಿದವರೆಲ್ಲ ಸೇರಿ ಆಲ್ಬಂ ಮಾಡಿ ಪ್ರವಾಸ ಹೋದರು. ಪ್ರವಾಸ ಮುಗಿದ ಕೂಡಲೇ ಮತ್ತೆ ಬೇರೆ.

‘ಸ್ಮೈಲ್’ ಮಾತ್ರ ಮುಗಿಯಿತು. ಬ್ರಯಾನ್‌ನ ಹೊಸ ತಂಡದ ಡೇರಿಯನ್ ಸಹನಾಜ ಹಳೇ ತುಣುಕುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡು ಬಂದ. ಟೇಪು ಕತ್ತರಿಸದೆ, ಎಳೆದು ಬಿಟ್ಟು ಜೋಡಿಸಿ ನೋಡೋದು. ಬ್ರಯಾನ್ ಪಕ್ಕದಲ್ಲಿ ಕೂತು ಇದಾದ ಮೇಲೆ ಇದು ಅಂತ ಹೇಳಿದ, ಪಾರ್ಕ್ಸ್‌ಗೆ ಫೋನ್ ಹೋಯಿತು. 2004ರ ಫೆಬ್ರವರಿ 20ರಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ, ಮೂವತ್ತೇಳು ವರ್ಷ ತಡವಾಗಿ, ಇಡೀ ಕೃತಿ ಹಾಡಿದರು. 1966-67ರ ಮೂಲ ಟೇಪುಗಳು 2011ರಲ್ಲಿ ಪೆಟ್ಟಿಗೆಯಾಗಿ ಬಂದವು. ಬ್ರಯಾನ್ 2025ರ ಜೂನ್ 11ರಂದು ತೀರಿಕೊಂಡ.

ಎಲ್ಲಿಂದ ಕೇಳೋದು ಅಂತ ಕೇಳಿದರೆ ನಮ್ಮ ಸಲಹೆ ಹೀಗೆ. ‘ಪೆಟ್ ಸೌಂಡ್ಸ್’ ಮೊದಲು ಮಾನೊದಲ್ಲೇ ಕೇಳಿ, ಅವನು ಕೇಳಿದ್ದು ಅದನ್ನೇ. ಆಮೇಲೆ 1997ರ ‘ದಿ ಪೆಟ್ ಸೌಂಡ್ಸ್ ಸೆಷನ್ಸ್’ ಹುಡುಕಿ. ದನಿಗಳು ಬಹುಪಾಲು ಬೇರೆ ಬೇರೆ ಟ್ರ್ಯಾಕಿನಲ್ಲಿ ಉಳಿದಿದ್ದರಿಂದ, ಮೂಲ ವಾದ್ಯದ ಟೇಪನ್ನೂ ದನಿಯ ಟೇಪನ್ನೂ ಹೊಂದಿಸಿ ಓಡಿಸಿ ಮೊದಲ ನಿಜವಾದ ಸ್ಟೀರಿಯೊ ಮಿಕ್ಸ್ ಮಾಡಲು ಸಾಧ್ಯವಾಯಿತು. ಬ್ರಯಾನ್ ಅದಕ್ಕೆ ಒಪ್ಪಿಗೆ ಕೊಟ್ಟ, ತನಗೆ ಅದು ಸ್ಟೀರಿಯೊ ಆಗಿ ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ. ಅದೇ ಪೆಟ್ಟಿಗೆಯಲ್ಲಿ ವಾದ್ಯಗಳನ್ನೆಲ್ಲ ತೆಗೆದು ಬರೀ ದನಿ ಉಳಿಸಿದ ಹಾಡುಗಳಿವೆ. ಎರಡೂ ಕಿವಿಗೆ ಹೆಡ್‌ಫೋನ್ ಹಾಕಿ, ಮೇಲಿನ ದನಿ ಬಿಟ್ಟು ನಡುವಿನದೊಂದನ್ನು ಹಿಡಿದುಕೊಂಡು ಕೊನೆವರೆಗೆ ಹೋಗಿ. ಮೊದಲ ಸಲ ಕೈತಪ್ಪುತ್ತೆ. ಮೂರನೇ ಸಲಕ್ಕೆ ಸಿಗುತ್ತೆ.